ಗಿಲ್ಬರ್ಟನ ಜಾಗಕ್ಕೆ ಬಂದವನು

ಪ್ರತಿ ಭಾನುವಾರ ಸಂಜೆ ಶೀನಪ್ಪ ಕಡಿಮೆಯೆಂದರೂ ಎರಡು ಸಲ ಸಾಯುತ್ತಿದ್ದ. ಒಮ್ಮೆ ಗುಂಡು ತಗುಲಿ, ಒಮ್ಮೆ ಬಂಡೆಯಿಂದ ಉರುಳಿ. ಕೆಲವು ವಾರ ಇವೆರಡರ ಜೊತೆ ನೇಣೂ ಇರುತ್ತಿತ್ತು. ಸತ್ತವನು ಫ್ಲಾಸ್ಕಿನಿಂದ ಒಂದು ಗುಟುಕು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಮುಂದಿನ ಸಾವಿಗೆ ತಯಾರಾಗುತ್ತಿದ್ದ. ವಾರದ ಉಳಿದ ದಿನ ಅವನು ದುಬೈಯ ಸತ್ವಾದ ಒಂದು ಹೊಲಿಗೆ ಅಂಗಡಿಯಲ್ಲಿ ಹೋಟೆಲಿನ ವೇಟರುಗಳಿಗೆ, ಕಟ್ಟಡದ ಕಾವಲುಗಾರರಿಗೆ, ಶಾಲಾ ಬಸ್ಸಿನ ಆಯಾಗಳಿಗೆ ಯೂನಿಫಾರ್ಮ್ ಹೊಲಿಯುವ ದರ್ಜಿ.

ಸಾಯುವ ಜಾಗ ಅಬ್ಬಾಸನ ಗ್ಯಾರೇಜು. ದೇರಳಕಟ್ಟೆಯ ಅಬ್ಬಾಸ್ ಭಾನುವಾರ ಮಗ್ರಿಬ್ ನಮಾಜು ಮುಗಿಸಿ ಬಂದವನೇ ರಿಪೇರಿಯ ಕಾರುಗಳನ್ನು ಗಲ್ಲಿಗೆ ತಳ್ಳಿ, ನೆಲಕ್ಕೆ ರಟ್ಟು ಹಾಸಿ, ಶೀನಪ್ಪ ಹೊಲಿದುಕೊಟ್ಟ ಬಿಳಿ ಪರದೆಯನ್ನು ಗೋಡೆಗೆ ಇಳಿಬಿಡುತ್ತಿದ್ದ. ಮೊಬೈಲ್ ಅಂಗಡಿಯ ನಿಝಾಮ್ ಪ್ರೊಜೆಕ್ಟರ್ ಹಿಡಿದು ಬರುತ್ತಿದ್ದ. ಆಚೀಚೆಯ ವಿಲ್ಲಾಗಳಲ್ಲಿ ಕೋಣೆಗೆ ಆರೇಳು ಜನರಂತೆ ಇರುವ ನಮ್ಮ ಕರಾವಳಿಯ ಗಂಡಸರೆಲ್ಲ ಅಲ್ಲಿ ಸೇರುತ್ತಿದ್ದರು. ಅಪರೂಪಕ್ಕೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಿಂದ ಕಾರು ಓಡಿಸಿಕೊಂಡು ಬರುವ ಮೈಸೂರು ಕಡೆಯ ಆಫೀಸಿನವರೂ ಇರುತ್ತಿದ್ದರು. ಅವರಿಗೆ ಅಬ್ಬಾಸ್ ಗ್ಯಾರೇಜಿನ ಒಂದೇ ಒಂದು ಸೋಫಾ ಬಿಟ್ಟುಕೊಡುತ್ತಿದ್ದ, ಆಮೇಲೆ ಅದರ ಸ್ಪ್ರಿಂಗು ಚುಚ್ಚಿದಾಗ ಅವರ ಮುಖ ನೋಡಿ ಒಳಗೊಳಗೇ ನಗುತ್ತಿದ್ದ.

ಅಲ್ಲಿ ತೋರಿಸುತ್ತಿದ್ದದ್ದು ಒಂದು ಹಳೇ ಅಮೆರಿಕನ್ ಕೌಬಾಯ್ ಸೀರಿಯಲ್. ಕಪ್ಪು-ಬಿಳುಪು; ಬರೀ ಬಯಲು, ಕುದುರೆ, ಟೊಪ್ಪಿ, ಕೋವಿ. ಯಾರೋ ದುಬೈ ಬಿಟ್ಟು ಹೋಗುವಾಗ ಮಾರಿದ ಹಾರ್ಡ್ ಡಿಸ್ಕಿನಲ್ಲಿ ಅದು ನಿಝಾಮನಿಗೆ ಸಿಕ್ಕಿತ್ತು. ಚಿತ್ರವೇನೋ ಚೆನ್ನಾಗಿತ್ತು, ಆದರೆ ಮಾತೆಲ್ಲ ಜರ್ಮನ್. ನಾಯಕ ಬಾಯಿ ತೆರೆದರೂ ಜರ್ಮನ್, ಕಳ್ಳ ಬೈದರೂ ಜರ್ಮನ್. ನಮ್ಮವರಿಗೆ ಅರ್ಥವಾದ ಶಬ್ದ ಒಂದೇ, ಟೈಟಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತಿದ್ದ ನಾಯಕನ ಹೆಸರು: ಗಿಲ್ಬರ್ಟ್. ಮಂಗಳೂರಿನ ಯಾವ ಇಗರ್ಜಿಯಲ್ಲಿ ಕೂಗಿದರೂ ನಾಲ್ಕು ಮಂದಿ ತಿರುಗಿ ನೋಡುವ ಹೆಸರು ಅದು. “ಇವ ನಮ್ಮವನೇ ಮಾರಾಯ್ರೆ” ಅಂದ ಆಸ್ವಾಲ್ಡ್, ಮೊದಲ ದಿನವೇ. ಸೌಂಡ್ ಬಂದ್ ಮಾಡಿಸಿ, ಮೈಕು ಕೈಗೆ ತೆಗೆದುಕೊಂಡು, ಗಿಲ್ಬರ್ಟನ ಮಾತನ್ನು ತಾನೇ ಆಡತೊಡಗಿದ.

ಆಸ್ವಾಲ್ಡ್ ಅಬುಧಾಬಿಯ ಬನಿಯಾಸ್‌ನ ಒಂದು ಕಂಟ್ರಾಕ್ಟಿಂಗ್ ಕಂಪನಿಯ ಸ್ಟೋರ್‌ಕೀಪರ್. ಭಾನುವಾರ ಅಲ್ಲಿಂದ ಬಸ್ಸು ಹಿಡಿದು ದುಬೈಗೆ ಬರುತ್ತಿದ್ದದ್ದು ಇದೊಂದಕ್ಕಾಗಿ. ಬೆಳ್ತಂಗಡಿ ಕಡೆಯ ಕ್ರಿಸ್ತುವರ ಮನೆಯವನು, ಚಿಕ್ಕಂದಿನಲ್ಲಿ ರೋಸರಿ ತಪ್ಪಿಸಿದರೂ ತಾಳಮದ್ದಳೆ ತಪ್ಪಿಸಿದವನಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಸುಮ್ಮನೆ ಕುಳಿತು, ಪಾತ್ರವೇ ಆಗಿ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಎದುರಿನವನನ್ನು ಕಟ್ಟಿಹಾಕುವ ಕಲೆ ಅದು; ಬರೆದು ಬಾಯಿಪಾಠ ಮಾಡಿ ಬಂದವನಿಗೆ ಅಲ್ಲಿ ಮರ್ಯಾದೆ ಇಲ್ಲ. ಆ ಕಟ್ಟುನಿಟ್ಟನ್ನು ಆಸ್ವಾಲ್ಡ್ ಗ್ಯಾರೇಜಿಗೂ ತಂದಿದ್ದ. ಮುಂದಿನ ಕಂತನ್ನು ಯಾರೂ ಮೊದಲೇ ನೋಡಕೂಡದು. ನೆಟ್ಟಿನಲ್ಲಿ ಕಥೆ ಹುಡುಕಿದವನಿಗೆ ಗ್ಯಾರೇಜಿನ ಬಾಗಿಲು ಬಂದ್. ಪರದೆಯಲ್ಲಿ ಏನು ಬಂತೋ ಅದಕ್ಕೆ ಆಗಲೇ ಮಾತು ಕೊಡಬೇಕು.

ಹಾಗೆ ಮಾತು ಕೊಟ್ಟು ಕೊಟ್ಟು ಅವನು ಕಟ್ಟಿದ ಕಥೆ ಅಮೆರಿಕದವರು ಕಂಡು ಕೇಳರಿಯದ್ದು. ಅವನ ಗಿಲ್ಬರ್ಟ್ ದೂರದ ಊರಿನಿಂದ ಕೆಲಸಕ್ಕೆ ಬಂದವನು. ಒಂದು ಮುದುಕಿಯ ಮೆಸ್ಸಿನಲ್ಲಿ ಊಟ, ಲಾಯದ ಮೇಲಿನ ಅಟ್ಟದಲ್ಲಿ ನಿದ್ದೆ. ಕಂತಿನ ಕೊನೆಗೆ, ಸಂಜೆಯ ಬಯಲಲ್ಲಿ ಕುದುರೆ ತಿರುಗಿಸುವಾಗ, ಗಿಲ್ಬರ್ಟ್ ಹೇಳುವ ಮಾತು ಒಂದೇ: “ಈ ಒಂದು ಕೆಲಸ ಮುಗಿಯಲಿ, ಊರಿಗೆ ಹೊರಟೆ.” ಕುಳಿತವರಲ್ಲಿ ಆ ಮಾತನ್ನು ಮನೆಗೆ ಫೋನಿನಲ್ಲಿ ಹೇಳದವರು ಯಾರೂ ಇರಲಿಲ್ಲ. ನಗುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಫೋನು ಹಿಡಿದು ಗಲ್ಲಿಗೆ ಹೋಗುತ್ತಿದ್ದರು.

ಶೀನಪ್ಪನ ಪಾಲಿಗೆ ಉಳಿದದ್ದು ಗಿಲ್ಬರ್ಟನಲ್ಲದವರೆಲ್ಲರೂ. ಕಳ್ಳರು, ಜೂಜುಕೋರರು, ಮೆಸ್ಸಿನ ಮುದುಕಿ. ಎರಡು ತೆಂಗಿನ ಚಿಪ್ಪು ಹಿಡಿದು ಕುದುರೆಯ ಗೊರಸಿನ ಸದ್ದೂ ಅವನದೇ. ಅವನಿಗೆ ಅದು ಹೊಸದಲ್ಲ. ದುಬೈಗೆ ಬರುವ ಮುಂಚೆ ಬಂಟ್ವಾಳದ ಕಡೆಯ ಒಂದು ಯಕ್ಷಗಾನ ಮೇಳದಲ್ಲಿ ಅವನು ರಾಕ್ಷಸರ ಪಡೆಯಲ್ಲಿ ಹಿಂದಿನ ಸಾಲಿನವನು, ರಾಜನ ಒಡ್ಡೋಲಗದಲ್ಲಿ ‘ಅಪ್ಪಣೆ ಪ್ರಭು’ ಎನ್ನುವವನು. ದೊಡ್ಡ ವೇಷ ಕೊಡಿ ಎಂದು ಬಾಯಿಬಿಟ್ಟು ಕೇಳುವ ಜಾಯಮಾನ ಅವನದಲ್ಲ. ಮೂಡುಬಿದಿರೆಯಲ್ಲಿರುವ ಹೆಂಡತಿ ಸುಮಿತ್ರಾ ಮಾತ್ರ ಫೋನಿನಲ್ಲಿ ಕೆಣಕುತ್ತಿದ್ದಳು: “ಈ ವಾರವೂ ಸತ್ರಾ? ಒಂದು ವಾರ ಆದ್ರೂ ಬದುಕಿ ಮಾರಾಯ್ರೆ.”

ಬದುಕುವ ಸರದಿ ಬಂದದ್ದು ಆಸ್ವಾಲ್ಡ್‌ನ ಕಂಪನಿ ಬಾಗಿಲು ಹಾಕಿದಾಗ. ಅರವತ್ತರ ಹತ್ತಿರದ ಸ್ಟೋರ್‌ಕೀಪರನಿಗೆ ಹೊಸ ವೀಸಾ ಯಾರು ಕೊಡುತ್ತಾರೆ? ಇದ್ದದ್ದನ್ನು ಕ್ಯಾನ್ಸಲ್ ಮಾಡಿ ಊರಿಗೆ ಹೋಗುವುದೆಂದಾಯಿತು. ಹೋಗುವ ಮುಂಚೆ ಅವನು ಒಂದು ಪ್ಯಾಂಟಿನ ಬಟ್ಟೆ ಹಿಡಿದುಕೊಂಡು ಶೀನಪ್ಪನ ಅಂಗಡಿಗೆ ಬಂದ. ಶೀನಪ್ಪ ಅಳತೆಯ ಟೇಪು ಹಿಡಿದು ಅವನ ಸೊಂಟದ ಬಳಿ ಬಗ್ಗಿದ್ದಾಗ ಮೇಲಿಂದ ಮಾತು ಬಂತು.

“ಇಲ್ಲಿ ರಿಪ್ಲೇಸ್‌ಮೆಂಟ್ ಕೊಡದೆ ಯಾರನ್ನೂ ಬಿಡುದಿಲ್ಲ, ಗೊತ್ತುಂಟಲ್ಲ ನಿಂಗೆ? ಗಿಲ್ಬರ್ಟನಿಗೆ ನೀನೇ.”

“ನಾನಾ? ನನ್ನಿಂದ ಎಂತ ಆಗ್ತದೆ ಆಸ್ವಾಲ್ಡಣ್ಣ? ನಂಗೆ ಸಾಯ್ಲಿಕ್ಕೆ ಮಾತ್ರ ಬರುದು.”

“ಈ ಭಾನುವಾರ ನೀನೇ ಮಾಡು. ನಾನು ಕೆಳಗೆ ಕೂತು ಕೇಳ್ತೇನೆ. ಹ್ಯಾಂಡೋವರ್ ಅಂದ್ರೆ ಹಾಗೆ.” ಸ್ವಲ್ಪ ಹೊತ್ತು ಅವನು ಗೋಡೆಗೆ ತೂಗುಹಾಕಿದ್ದ ಕಾವಲುಗಾರರ ಅಂಗಿಗಳನ್ನು ನೋಡಿದ. “ಒಂದು ಮಾತು ಕೊಡು. ಅವನನ್ನು ಕೊಲ್ಬೇಡ. ಯಾವತ್ತಾದ್ರೂ ಮುಗಿಸ್ಬೇಕು ಅಂತ ಆದ್ರೆ, ಊರಿಗೆ ಕಳ್ಸು.”

“ಕೊಲ್ಲುದಿಲ್ಲ. ದೇವರಾಣೆ” ಅಂದ ಶೀನಪ್ಪ. ಹೇಳುವುದು ಎಷ್ಟು ಸುಲಭವಾಗಿತ್ತು!

ಆ ಭಾನುವಾರ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶೀನಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿ ನಾಯಕನ ಮೈಕಿನ ಮುಂದೆ ಕುಳಿತ. ಉಳಿದವರ ಮಾತಿಗೆ ಬೇರೆ ಗತಿಯಿಲ್ಲದೆ ಅಬ್ಬಾಸನೇ ಕುಳಿತಿದ್ದ. ಕಳ್ಳ ಕೋವಿ ಎತ್ತಿದರೆ ಅರಬ್ಬಿಯಲ್ಲಿ “ಯಲ್ಲಾ”, ಬಿದ್ದರೆ “ಖಲಾಸ್”, ಅದರಾಚೆಗೆ ಅವನ ಸಾಹಿತ್ಯ ಹೋಗುವಂತಿರಲಿಲ್ಲ. ಆಸ್ವಾಲ್ಡ್ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೊಸ ಪ್ಯಾಂಟಿನ ಮೇಲೆ ಎರಡೂ ಕೈ ಇಟ್ಟು, ಮದುಮಗನ ಕಡೆಯ ಹಿರಿಯನಂತೆ ಗಂಭೀರವಾಗಿ ಕುಳಿತಿದ್ದ.

ನಿಝಾಮ್ ಹೊಸ ಫೋಲ್ಡರ್ ತೆರೆದ. ಟೈಟಲು ಬಂತು. ಕುದುರೆಯ ಮೇಲೆ ಇರಬೇಕಾದ ಗಿಲ್ಬರ್ಟನ ಗಡ್ಡದ, ದಪ್ಪ ಹುಬ್ಬಿನ ಮುಖ ಇರಲಿಲ್ಲ. ಅದರ ಬದಲು ಒಬ್ಬ ಸಣಕಲು ತರುಣ, ನುಣ್ಣಗೆ ಬೋಳಿಸಿದ ಗಲ್ಲ, ಹೊಸ ಟೊಪ್ಪಿ. ಅರವತ್ತು ವರ್ಷ ಹಿಂದೆ ಅಮೆರಿಕದಲ್ಲಿ ಆ ನಟ ಸೀರಿಯಲ್ ಬಿಟ್ಟು ಎಲ್ಲಿಗೋ ಹೋಗಿದ್ದ, ಯಾರೋ ಇನ್ನೊಬ್ಬನನ್ನು ತಂದು ಕೂರಿಸಿದ್ದರು. ಸತ್ವಾಕ್ಕೆ ಆ ಸುದ್ದಿ ಮುಟ್ಟಿದ್ದು ಆಗಲೇ.

ಗ್ಯಾರೇಜಿನಲ್ಲಿ ಗುಜುಗುಜು ಎದ್ದಿತು. ಕುದುರೆ ಮುದುಕಿಯ ಮೆಸ್ಸಿನ ಹತ್ತಿರ ಬರುತ್ತಿತ್ತು, ಅದು ನಿಂತ ಕೂಡಲೇ ಆ ತರುಣ ಬಾಯಿ ತೆರೆಯುವವನಿದ್ದ. ಆಗ ಶೀನಪ್ಪನ ನೆರವಿಗೆ ಬಂದದ್ದು ಮೇಳದ ಅಭ್ಯಾಸ. ಇಡೀ ರಾತ್ರಿಯ ಆಟದಲ್ಲಿ ಒಂದೇ ಪಾತ್ರವನ್ನು ಮೊದಲು ಒಬ್ಬ ಮಾಡುತ್ತಾನೆ, ಅವನು ದಣಿದ ಮೇಲೆ ಇನ್ನೊಬ್ಬ ಬರುತ್ತಾನೆ. ಮುಖ ಬೇರೆ, ಎತ್ತರ ಬೇರೆ, ದನಿ ಬೇರೆ. ಆದರೂ ಸಭೆಯಲ್ಲಿ ಯಾರೂ ಇವನು ಯಾರು ಎಂದು ಕೇಳುವುದಿಲ್ಲ, ರಾಜ ರಾಜನೇ. ಹಾಗಾದರೆ ಇದು ಎರಡನೇ ವೇಷ, ಅಷ್ಟೇ! ಶೀನಪ್ಪ ಉಸಿರೆಳೆದುಕೊಂಡು ಮೈಕಿಗೆ ಬಾಯಿಟ್ಟ: “ಅಜ್ಜಿ, ಒಂದು ತಟ್ಟೆ ಹೆಚ್ಚಿಗೆ ಇಡಿ. ಗಿಲ್ಬರ್ಟ್ ಬಂದಿದ್ದಾನೆ.”

“ಗಿಲ್ಬರ್ಟಣ್ಣ ಗಡ್ಡ ತೆಗ್ದಿದ್ದಾನೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು, ಒಂದಿಬ್ಬರು ಸಿಳ್ಳೆ ಹಾಕಿದರು. ಅಲ್ಲಿಗೆ ವಿಷಯ ಮುಗಿಯಿತು.

ಆಮೇಲೆ ಶೀನಪ್ಪನನ್ನು ಹಿಡಿಯುವವರಿರಲಿಲ್ಲ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಮಾತು, ನಲ್ಲಿ ತಿರುಗಿಸಿದಂತೆ ಬಂತು. ಕಳ್ಳನಿಗೆ ಬುದ್ಧಿ ಹೇಳಿದ, ಮುದುಕಿಗೆ ಧೈರ್ಯ ಹೇಳಿದ, ಕುದುರೆಗೂ ಎರಡು ಮಾತು ಹೇಳಿದ. ಚಪ್ಪಾಳೆ ಬಿತ್ತು. ನಾಯಕನಾಗುವುದು ಇಷ್ಟು ಸುಖವೇ ಎಂದು ಅವನಿಗೆ ಮೊದಲ ಬಾರಿ ಗೊತ್ತಾಯಿತು. ಈ ಸುಖವನ್ನು ಇಷ್ಟು ಕಾಲ ಒಬ್ಬನೇ ಇಟ್ಟುಕೊಂಡಿದ್ದ ಆಸ್ವಾಲ್ಡಣ್ಣನ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಆಗ ಅವನು ಆಸ್ವಾಲ್ಡನ ಮುಖ ನೋಡಿದ.

ಆಸ್ವಾಲ್ಡ್ ಚಪ್ಪಾಳೆ ತಟ್ಟುತ್ತಿದ್ದ, ಎಲ್ಲರೂ ತಟ್ಟಿದ ಕಡೆಯೆಲ್ಲ ತಪ್ಪದೆ ತಟ್ಟುತ್ತಿದ್ದ. ಆದರೆ ಪರದೆಯ ಬೆಳಕಿನಲ್ಲಿ ಕಂಡ ಆ ಮುಖ, ತನ್ನದೇ ಮನೆಯ ಬಾಗಿಲಲ್ಲಿ ನಿಂತು ಒಳಗಿನ ನಗು ಕೇಳುತ್ತಿರುವವನ ಮುಖವಾಗಿತ್ತು. ಶೀನಪ್ಪ ಕೊಟ್ಟ ಮಾತಿನಂತೆ ಗಿಲ್ಬರ್ಟ್ ಸಾಯಲಿಲ್ಲ ನಿಜ. ಸತ್ತಿದ್ದರೆ ಒಂದು ಕ್ಷಣವಾದರೂ ಯಾರಾದರೂ ಅಯ್ಯೋ ಅನ್ನುತ್ತಿದ್ದರು. ಇಲ್ಲಿ ಅದೂ ಇಲ್ಲ. ಇಷ್ಟು ವರ್ಷ ಆಡಿಸಿದವನು ಎದ್ದು ಹೋದ, ಇನ್ನೊಬ್ಬ ಬಂದು ಕೂತ, ಗಡ್ಡದ ಒಂದು ತಮಾಷೆಯಲ್ಲಿ ಎಲ್ಲ ಸರಿಹೋಯಿತು. ಬುಧವಾರ ವಿಮಾನ ಹತ್ತುವವನು ಇದನ್ನೇ ಕಣ್ಣಾರೆ ನೋಡಿ ಹೋಗಬೇಕೆ?

ಅಷ್ಟರಲ್ಲಿ ಪರದೆಯ ಮೇಲೆ ಮೆಸ್ಸಿನ ಮುದುಕಿ ಆ ತರುಣನ ಕೈಹಿಡಿದು ಒಂದು ದಿಬ್ಬಕ್ಕೆ ಕರೆದುಕೊಂಡು ಹೋದಳು. ಅಲ್ಲೊಂದು ಮರದ ಶಿಲುಬೆ. ತರುಣ ಟೊಪ್ಪಿ ತೆಗೆದ. ಚಿತ್ರ ಹತ್ತಿರ ಹೋಗಿ ಹೋಗಿ ಶಿಲುಬೆಯ ಮೇಲೆ ಕೆತ್ತಿದ ಅಕ್ಷರಗಳು ಪರದೆ ತುಂಬ ಆದವು.

“ಅಲ್ಲಾ, ಅದ್ರಲ್ಲಿ ಗಿಲ್ಬರ್ಟ್ ಅಂತ ಉಂಟಲ್ಲ!” ಅಂದ ನಿಝಾಮ್.

“ಹಾಗಾದ್ರೆ ಇಷ್ಟು ಹೊತ್ತು ಮಾತಾಡಿದ್ದು ಯಾರು?” ಅಬ್ಬಾಸ್ ತನ್ನ ಮೈಕಿನಲ್ಲೇ ಕೇಳಿಬಿಟ್ಟ.

ಗ್ಯಾರೇಜು ಬಿದ್ದು ಬಿದ್ದು ನಕ್ಕಿತು. ಗಿಲ್ಬರ್ಟ್ ಸತ್ತಿದ್ದಾನೆ ಎನ್ನುವುದು ತಲೆಗೆ ಹೋದದ್ದು ನಗು ಮುಗಿದ ಮೇಲೆ. ಎಲ್ಲರ ಕಣ್ಣೂ ಆಸ್ವಾಲ್ಡನ ಬೆನ್ನಿನ ಮೇಲಿತ್ತು. ಅವನು ಕೈ ಕಟ್ಟಿಕೊಂಡು ಆ ಶಿಲುಬೆಯನ್ನೇ ನೋಡುತ್ತಿದ್ದ.

“ನಿಝಾಮ್, ನಿಲ್ಸು” ಅಂದ ಶೀನಪ್ಪ.

ಚಿತ್ರ ನಿಂತಿತು. ಟೊಪ್ಪಿ ಕೈಯಲ್ಲಿ ಹಿಡಿದ ತರುಣ, ಎದುರಿಗೆ ಶಿಲುಬೆ. ಶೀನಪ್ಪನಿಗೆ ಮುಂದೇನು ಹೇಳುವುದೆಂದು ನಿಜಕ್ಕೂ ತಿಳಿದಿರಲಿಲ್ಲ. ಕೊಟ್ಟ ಮಾತು ಮಾತ್ರ ನೆನಪಿತ್ತು. ಅವನು ಮೈಕು ಎತ್ತಿಕೊಂಡು ಎದ್ದು ನಿಂತ.

“ಅಜ್ಜಿ, ತಪ್ಪಾಯಿತು. ನಾನು ಗಿಲ್ಬರ್ಟ್ ಅಲ್ಲ. ನೀವು ಅಷ್ಟು ಪ್ರೀತಿಯಿಂದ ಬಾಗಿಲು ತೆರೆದಿರಿ, ಅಲ್ಲ ಎನ್ನಲು ಬಾಯಿ ಬರಲಿಲ್ಲ. ನಾನು ಅವನ ಕೆಲಸಕ್ಕೆ ಬಂದವನು. ಆದರೆ ನೀವು ಅಳುವುದೂ ಬೇಡ. ಈ ಮಣ್ಣಿನ ಕೆಳಗೆ ದೇಹವಿಲ್ಲ, ಹೆಸರು ಮಾತ್ರ ಇದೆ. ಈ ಬಯಲಿನ ಕಳ್ಳರೆಲ್ಲ ಹೆದರುತ್ತಿದ್ದ ಹೆಸರನ್ನು ಇಲ್ಲೇ ಹೂತಿಟ್ಟು ಅವನು ಊರಿಗೆ ಹೋಗಿದ್ದಾನೆ. ಊರಿನಲ್ಲಿ ಕೋವಿಯ ಹೆಸರು ಯಾಕೆ? ಅಲ್ಲಿ ಅವನನ್ನು ಮನೆಯ ಹೆಸರಿನಿಂದ ಕರೆಯುವವರಿದ್ದಾರೆ.”

“ಭಲೇ!” ಅಂದರು ಯಾರೋ. ಶೀನಪ್ಪನಿಗೆ ಉಸಿರು ಬಂತು. ಹುರುಪಿನಲ್ಲಿ ಅವನು ಶಿಲುಬೆಯ ಕಡೆ ಕೈಚಾಚಿ, ತಾಳಮದ್ದಳೆಯಲ್ಲಿ ಎದುರು ಪಾತ್ರವನ್ನು ಮಾತಿಗೆಳೆಯುವಂತೆ, ಒಂದು ಪ್ರಶ್ನೆ ಎಸೆದ: “ಹೇಳು ಗಿಲ್ಬರ್ಟಾ, ಊರಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ?”

ಉತ್ತರ ಬೇಕೆಂದು ಕೇಳಿದ್ದಲ್ಲ ಅದು. ಆದರೆ ಮಾತಿಗೆ ಮಾತು ಕೊಟ್ಟು ಅಭ್ಯಾಸವಿದ್ದವನ ಎದುರು ಪ್ರಶ್ನೆ ಇಟ್ಟರೆ ಅವನು ಸುಮ್ಮನಿರಲಾರ. ಪ್ಲಾಸ್ಟಿಕ್ ಕುರ್ಚಿಯಿಂದ, ಮೈಕಿಲ್ಲದೆ, ಎಲ್ಲರಿಗೂ ಚಿರಪರಿಚಿತವಾದ ಗಿಲ್ಬರ್ಟನ ದನಿ ಎದ್ದಿತು.

“ಅಲ್ಲಿ ಕರೆಯುವವರು ಯಾರೂ ಇಲ್ಲ.”

ಆಸ್ವಾಲ್ಡನ ಹೆಂಡತಿ ಅಪೊಲೊನಿಯಾ ತೀರಿಕೊಂಡದ್ದು, ಮಕ್ಕಳಿಲ್ಲದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಯಾರೂ ಅದನ್ನು ಅವನ ಪ್ರಯಾಣಕ್ಕೆ ಸೇರಿಸಿ ಯೋಚಿಸಿರಲಿಲ್ಲ. ಅವನಿಗೆ ಹೊಸ ಬ್ಯಾಗು ತಂದುಕೊಟ್ಟಿದ್ದರು, ಇನ್ನು ಆರಾಮ ಅಲ್ವಾ ಎಂದು ಬೆನ್ನು ತಟ್ಟಿದ್ದರು.

ಸರದಿ ಈಗ ಶೀನಪ್ಪನದು. “ಹಾಗಾದರೆ ಹೋಗುವುದು ಯಾಕೆ?” ಎಂದು ಕೇಳಿದ.

“ವೀಸಾ ಮುಗಿಯಿತಲ್ಲ ಮಾರಾಯಾ!”

ಕೌಬಾಯಿಗೆ ವೀಸಾ! ನಗು ಒಮ್ಮೆಗೇ ಸಿಡಿಯಿತು. ಅಬ್ಬಾಸ್ ತೊಡೆ ತಟ್ಟಿ ನಕ್ಕ, ಸೋಫಾದಲ್ಲಿದ್ದ ಮೈಸೂರಿನವರೂ ನಕ್ಕರು, ಆಸ್ವಾಲ್ಡನೂ ನಕ್ಕ. ನಗುತ್ತಾ ನಗುತ್ತಾ ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ. ಒರೆಸಿದಷ್ಟೂ ಅದು ಮುಗಿಯಲಿಲ್ಲ. ಪಕ್ಕದಲ್ಲಿದ್ದವರು ನಗು ನಿಲ್ಲಿಸಿ ನೆಲ ನೋಡಿದರು. ಗಂಡಸರ ಸಭೆಯಲ್ಲಿ ಒಬ್ಬ ಅತ್ತರೆ ಉಳಿದವರಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ.

ಶೀನಪ್ಪನಿಗೂ ಗೊತ್ತಾಗಲಿಲ್ಲ. ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಹಾಗೆ ತಬ್ಬಿಕೊಂಡು ಅಭ್ಯಾಸವಿರಲಿಲ್ಲ. ಮಾತು ಮಾತ್ರ ಅಭ್ಯಾಸವಿತ್ತು. ಅವನು ಪರದೆಯ ಕಡೆ ತಿರುಗಲಿಲ್ಲ, ನೇರ ಆಸ್ವಾಲ್ಡನನ್ನು ನೋಡಿಯೇ ಹೇಳಿದ:

“ಹಾಗಾದರೆ ನಿನ್ನ ಹೆಸರನ್ನು ಇಲ್ಲಿ ಹೂಳುವುದು ಬೇಡ. ಅದು ನನಗೂ ಬೇಡ. ಕಿತ್ತು ತೆಗೆದುಕೊಂಡು ಹೋಗು. ಊರಿನವರು ಕರೆಯದಿದ್ದರೆ ಇಲ್ಲಿಂದಲೇ ನಾವು ಕರೆಯುತ್ತೇವೆ.”

ಆಸ್ವಾಲ್ಡ್ ಕನ್ನಡಕ ಹಾಕಿಕೊಂಡ. ಗಿಲ್ಬರ್ಟನ ಗತ್ತು ಮಾತ್ರ ಬಿಡಲಿಲ್ಲ. “ದೊಡ್ಡ ಮಾತು ಆಡಿದೆ. ಆಗಲಿ. ನನ್ನ ಹೆಸರು ನಾನು ಒಯ್ದೆ ಎಂದಾದರೆ ನಿನ್ನದೇನು? ಯಾರಯ್ಯಾ ನೀನು?”

ಇಷ್ಟು ವರ್ಷದಲ್ಲಿ ಶೀನಪ್ಪ ಎಷ್ಟು ಕಳ್ಳರಿಗೆ, ಎಷ್ಟು ಜೂಜುಕೋರರಿಗೆ ಹೆಸರಿಟ್ಟಿದ್ದನೋ! ಆ ಕ್ಷಣಕ್ಕೆ ಒಂದೂ ನಾಲಿಗೆಗೆ ಬರಲಿಲ್ಲ. ಪರದೆಯ ಮೇಲೆ ಆ ಸಣಕಲು ತರುಣ ಟೊಪ್ಪಿ ಹಿಡಿದು ಕಾಯುತ್ತಿದ್ದ. ಜನ ಕಾಯುತ್ತಿದ್ದರು.

“ಶೀನಪ್ಪ” ಅಂದ.

ಚಪ್ಪಾಳೆಗೆ ಗ್ಯಾರೇಜಿನ ತಗಡು ಅದುರಿತು. ಅಂದಿನಿಂದ ಆ ಕೌಬಾಯಿಯ ಹೆಸರು ಶೀನಪ್ಪನೇ. ಜರ್ಮನರು ಅವನನ್ನು ಏನೆಂದು ಕರೆಯುತ್ತಿದ್ದರೋ, ಸತ್ವಾದಲ್ಲಿ ಯಾರೂ ವಿಚಾರಿಸಲು ಹೋಗಲಿಲ್ಲ. ಆ ರಾತ್ರಿ ಫೋನಿನಲ್ಲಿ ಕಥೆಯೆಲ್ಲ ಕೇಳಿದ ಸುಮಿತ್ರಾ ಈ ಸಲ ಕೆಣಕಲಿಲ್ಲ. ಕೊನೆಗೆ, “ಅವರು ಹೋಗುವಾಗ ಏರ್‌ಪೋರ್ಟಿಗೆ ನೀವೂ ಹೋಗಿ ಆಯ್ತಾ” ಅಂದಳು.

ಬುಧವಾರ ಆಸ್ವಾಲ್ಡ್ ಹೋದ. ಅಬ್ಬಾಸನ ಪಿಕಪ್ಪಿನಲ್ಲಿ ಏರ್‌ಪೋರ್ಟಿನವರೆಗೆ ಶೀನಪ್ಪನೂ ಸೇರಿ ಮೂವರು ಒತ್ತಿಕೊಂಡು ಕುಳಿತು ಹೋದರು, ದಾರಿಯುದ್ದಕ್ಕೂ ಲಗೇಜಿನ ತೂಕದ ವಿಷಯ ಮಾತಾಡಿದರು. ಮುಟ್ಟಿದೆ ಎಂದು ಒಂದು ಮೆಸೇಜು ಬಂತು. ಆಮೇಲೆ ಏನೂ ಇಲ್ಲ. ಶೀನಪ್ಪ ಹೊಲಿಗೆ ಯಂತ್ರದ ಎದುರು ಕುಳಿತು ಫೋನು ತಿರುಗಿಸಿ ತಿರುಗಿಸಿ ನೋಡಿದ. ಸಭೆಯಲ್ಲಿ ದೊಡ್ಡ ಮಾತಾಡುವುದು ಸುಲಭ. ಆಸ್ವಾಲ್ಡ್ ಅದನ್ನು ಆಟದ ಮಾತೆಂದೇ ತಿಳಿದುಕೊಂಡಿದ್ದರೆ? ಹಾಗೆ ತಿಳಿದುಕೊಂಡು ಆ ಬಾಗಿಲು ಮುಚ್ಚಿದ ಮನೆಯಲ್ಲಿ ಒಬ್ಬನೇ ಕುಳಿತಿದ್ದರೆ? ಆ ಯೋಚನೆಗೆ ಎರಡು ಅಂಗಿಯ ಕಾಲರು ಉಲ್ಟಾ ಹೊಲಿದುಹೋಯಿತು.

ಭಾನುವಾರ ಎಲ್ಲರೂ ಸೇರಿದ ಮೇಲೆ, ದೀಪ ಆರಿಸುವ ಮುಂಚೆ, ಶೀನಪ್ಪ ನಿಝಾಮನಿಗೆ ಫೋನು ಹಚ್ಚಲು ಹೇಳಿದ. ಸ್ಪೀಕರಿಗೆ ಹಾಕಿ ಮೈಕಿನ ಪಕ್ಕ ಇಟ್ಟರು. ರಿಂಗಾಯಿತು. ಇನ್ನೂ ರಿಂಗಾಯಿತು. ಎತ್ತುವುದಿಲ್ಲವೇನೋ ಎಂದು ಶೀನಪ್ಪನಿಗೆ ಅನಿಸಿತು. ಕೊನೆಗೆ ದಣಿದ, ಮುದಿ, ಆಸ್ವಾಲ್ಡನದೇ ಆದ ದನಿಯೊಂದು ಕೇಳಿತು.

“ಹಲೋ. ಯಾರು?”

ಶೀನಪ್ಪ ಕೈ ಎತ್ತಿದ. ಗ್ಯಾರೇಜಿನಲ್ಲಿದ್ದ ಅಷ್ಟೂ ಗಂಡಸರು ಒಟ್ಟಿಗೇ ಕೂಗಿದರು, “ಗಿಲ್ಬರ್ಟಾ!”

ಲೈನು ಕಟ್ಟಾಯಿತೇನೋ ಎಂದು ನಿಝಾಮ್ ಫೋನಿನ ಮೇಲೆ ಬಗ್ಗಿ ನೋಡಿದ. ಆಮೇಲೆ, ಬೆಳ್ತಂಗಡಿಯ ಮನೆಯಿಂದ, ಗಿಲ್ಬರ್ಟನ ದನಿ ಬಂತು.

“ಇದ್ದೇನೆ. ನೀನು ಕುದುರೆ ಹತ್ತು, ಶೀನಪ್ಪಾ.”